ಕಲಾ ವಿದ್ಯಾರ್ಥಿಗೆ ಜೀವಶಾಸ್ತ್ರ ಬೇಡವೆ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಮನೆಯಲ್ಲಿ ಸಣ್ಣದೊಂದು ಜಗಳವಾಯಿತು. ಜಗಳಕ್ಕೆ ಕಾರಣ ಒಂದು ಕಾಗದ. ನನ್ನ ಅಜ್ಜಿಗೆ ಸಕ್ಕರೆ ಕಾಯಿಲೆ. ರಕ್ತಪರೀಕ್ಷೆಗೆ ಹೋಗುವ ಮೊದಲು ಎರಡು ದಿನ ಅವರು ಅನ್ನವನ್ನೂ ಬೆಲ್ಲವನ್ನೂ ಬಿಟ್ಟು ಬರಿಯ ತರಕಾರಿಯಲ್ಲಿ ಕಾಲ ಕಳೆದಿದ್ದರು. ಅದರ ಫಲವಾಗಿ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಹಿತವಾದ ಮಟ್ಟದಲ್ಲಿಯೇ ಇತ್ತು. ಆದರೆ ಅದರ ಕೆಳಗಿನ ಸಾಲಿನಲ್ಲಿ ‘ಮೂರು ತಿಂಗಳ ಸಕ್ಕರೆ’ ಎಂದು ಎಲ್ಲರೂ ಕರೆಯುವ ಲೆಕ್ಕ ಮಾತ್ರ ಮೇಲಕ್ಕೇರಿತ್ತು. “ಒಂದೇ ರಕ್ತಕ್ಕೆ ಎರಡು ಲೆಕ್ಕ ಹೇಗೆ? ಪರೀಕ್ಷೆಯೇ ತಪ್ಪಿದೆ” ಎಂದರು ಚಿಕ್ಕಪ್ಪ. “ಬೆಳಗ್ಗಿನದ್ದು ಸರಿ ಉಂಟಲ್ಲ, ಇನ್ನು ಮದ್ದು ಯಾಕೆ?” ಎಂದರು ಅಜ್ಜಿ. ಕೊನೆಗೆ ಚಿಕ್ಕಪ್ಪ ಕಾಗದವನ್ನು ನನ್ನ ಕೈಗಿತ್ತು, “ಕಾಲೇಜಿಗೆ ಹೋಗುವವ ನೀನಲ್ಲವಾ ಮಾರಾಯ, ನೀನೇ ಹೇಳು” ಎಂದರು.

ನಾನು ಹೇಳಲಾರದೆ ಹೋದೆ. ನಾನು ಓದುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ. ಹಲ್ಮಿಡಿ ಶಾಸನದ ಮಹತ್ತ್ವವನ್ನು ಕುರಿತು ನಾಲ್ಕು ಪುಟ ಬರೆಯಬಲ್ಲೆ. ಹೆತ್ತ ತಾಯಿಯ ತಾಯಿಯ ರಕ್ತದ ಕಾಗದದಲ್ಲಿ ಎರಡು ಸಾಲನ್ನು ಓದಲಾರೆ. ಅಜ್ಜಿ ಮಾತ್ರೆ ನಿಲ್ಲಿಸಿದರು. ಕಾಲಿನ ಗಾಯವೊಂದು ಮಾಯದೆ ಹೋದಾಗಲೇ ನಮಗೆ ಎಚ್ಚರವಾದದ್ದು.

ಬಳಿಕ ನೆರೆಯ ಹೈಸ್ಕೂಲಿನ ವಿಜ್ಞಾನದ ಮಾಸ್ಟ್ರೊಬ್ಬರು ನನಗೆ ಹತ್ತೇ ನಿಮಿಷದಲ್ಲಿ ವಿಷಯವನ್ನು ತಿಳಿಸಿಕೊಟ್ಟರು. ರಕ್ತದಲ್ಲಿ ಹರಿಯುವ ಸಕ್ಕರೆಯ ಒಂದಂಶ ಕೆಂಪು ಕಣಗಳೊಳಗಿನ ಹಿಮೊಗ್ಲೋಬಿನ್ ಎಂಬ ಪ್ರೋಟೀನಿಗೆ ಮೆಲ್ಲಮೆಲ್ಲನೆ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಅಂಟುವುದು ಹೆಚ್ಚು. ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನ. ಆದ್ದರಿಂದ ಆ ಅಂಟನ್ನು ಅಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಬೆಳಗಿನ ಲೆಕ್ಕ ಆ ಹೊತ್ತಿನದು. ಇನ್ನೊಂದು ಇಷ್ಟು ದಿನದ ನಡತೆಯದು. ಎರಡು ದಿನದ ವ್ರತದಿಂದ ಮೊದಲನೆಯದನ್ನು ಇಳಿಸಬಹುದು, ಎರಡನೆಯದನ್ನು ಇಳಿಸಲಾಗದು. ಪರೀಕ್ಷೆ ತಪ್ಪಿರಲಿಲ್ಲ, ಓದುವವರು ಮನೆಯಲ್ಲಿರಲಿಲ್ಲ.

ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಹತ್ತನೆಯ ತರಗತಿ ಮುಗಿಸಿ ಕಲಾ ವಿಭಾಗವನ್ನು ಸೇರಿದೊಡನೆ ನಮಗೂ ಜೀವಶಾಸ್ತ್ರಕ್ಕೂ ಋಣ ಹರಿಯಿತೆಂದು ಏಕೆ ಭಾವಿಸಬೇಕು? ಕಲಾ ವಿಭಾಗದ ವಿದ್ಯಾರ್ಥಿಗೂ ಉಣ್ಣುವ ಹೊಟ್ಟೆಯಿದೆ, ಮುಪ್ಪಿನ ಹಿರಿಯರಿದ್ದಾರೆ, ನಾಳೆ ಮಕ್ಕಳಾಗುತ್ತಾರೆ. ಮತ ಹಾಕುವ ಹಕ್ಕೂ ಇದೆ. ಜೀವಶಾಸ್ತ್ರದ ಮತ್ತು ಜೀವರಸಾಯನಶಾಸ್ತ್ರದ ಮೂಲತತ್ತ್ವಗಳನ್ನು ನಮ್ಮಂಥ ಕಲಾ ಕಾಲೇಜುಗಳಲ್ಲಿ ಎಲ್ಲರಿಗೂ, ಕನ್ನಡದಲ್ಲಿ, ನಮ್ಮ ಊರಿನ ಪದಾರ್ಥಗಳನ್ನೇ ಮುಂದಿಟ್ಟುಕೊಂಡು ಕಲಿಸಬೇಕೆಂಬುದೇ ಈ ಲೇಖನದ ವಾದ. ಇದು ವಿಜ್ಞಾನದವರಿಂದ ನಾವು ಬೇಡುವ ದಾನವಲ್ಲ. ಇವಿಲ್ಲದೆ ನಮ್ಮ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳೇ ಕುಂಟುತ್ತವೆ ಎಂಬುದನ್ನು ತೋರಿಸಲು ಯತ್ನಿಸುವೆನು.

ಜೀವಶಾಸ್ತ್ರವೆಂದರೆ ಲ್ಯಾಟಿನ್ ಹೆಸರುಗಳ ಕಾಡು, ಕಪ್ಪೆಯ ಚಿತ್ರ, ಬಾಣದ ಗುರುತುಗಳು ಎಂದು ನಮ್ಮಲ್ಲಿ ಹಲವರ ಭಾವನೆ. ಅದು ಸರಿಯಲ್ಲ. ಅಮೆರಿಕದ ವಿಜ್ಞಾನ ಪ್ರಗತಿ ಸಂಘವು ೨೦೧೧ರಲ್ಲಿ ‘ವಿಷನ್ ಅಂಡ್ ಚೇಂಜ್’ ಎಂಬ ವರದಿಯನ್ನು ಹೊರತಂದಿತು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿತ ಪ್ರತಿಯೊಬ್ಬರೂ ತಿಳಿದಿರಬೇಕಾದ ತತ್ತ್ವಗಳು ಯಾವುವೆಂದು ವಿಚಾರಿಸಿ ಅದು ಐದನ್ನೇ ಆರಿಸಿತು. ರಚನೆಗೂ ಕಾರ್ಯಕ್ಕೂ ಇರುವ ಸಂಬಂಧ, ಶಕ್ತಿಯ ಮತ್ತು ದ್ರವ್ಯದ ರೂಪಾಂತರ, ಮಾಹಿತಿಯ ಸಂಗ್ರಹ ಮತ್ತು ಹರಿವು, ವಿಕಾಸ, ವ್ಯವಸ್ಥೆಗಳು. ಈ ಐದೂ ನಮ್ಮ ಸಂತೆಕಟ್ಟೆಯ ವಾರದ ಸಂತೆಯಲ್ಲಿ ಬುಟ್ಟಿಗೊಂದರಂತೆ ಕುಳಿತಿವೆ. ಚೀಲ ಹಿಡಿದು ಒಂದು ಸುತ್ತು ಬರೋಣ.

ಮೊದಲು ಅಕ್ಕಿಯ ಅಂಗಡಿ. ಭತ್ತದ ಒಂದೇ ಪೈರಿನಿಂದ ನಮಗೆ ಅಕ್ಕಿ, ದನಕ್ಕೆ ಬೈಹುಲ್ಲು. ಅಕ್ಕಿಯ ಪಿಷ್ಟವೂ ಹುಲ್ಲಿನ ಸೆಲ್ಯುಲೋಸೂ ಎರಡೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಮಣಿಗಳನ್ನು ಪೋಣಿಸಿದ ಸರಗಳು. ಒಂದು ಮಣಿ ಇನ್ನೊಂದಕ್ಕೆ ಕೂಡುವ ಕೊಂಡಿಯ ದಿಕ್ಕು ಮಾತ್ರ ಬೇರೆ. ನಮ್ಮ ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟದ ಕೊಂಡಿಯನ್ನು ಕಡಿಯಬಲ್ಲದು. ಆದ್ದರಿಂದಲೇ ಕುಚ್ಚಲಕ್ಕಿಯ ಅನ್ನವನ್ನು ಬಹಳ ಹೊತ್ತು ಅಗಿದರೆ ಬಾಯಲ್ಲಿ ಸಿಹಿ ಹುಟ್ಟುತ್ತದೆ. ಹುಲ್ಲಿನ ಕೊಂಡಿಯನ್ನು ಕಡಿಯುವ ಕಿಣ್ವ ನಮ್ಮಲ್ಲಿಲ್ಲ. ದನಕ್ಕೂ ಸ್ವಂತದ್ದಿಲ್ಲ, ಅದರ ಹೊಟ್ಟೆಯಲ್ಲಿ ಬಾಳುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಕೊಂಡಿಯೊಂದು ಆಚೆಗೆ ತಿರುಗಿದ್ದರಿಂದ ಒಂದು ಊಟವಾಯಿತು, ಇನ್ನೊಂದು ಕೊಟ್ಟಿಗೆಗೆ ಹೋಯಿತು. ರಚನೆ ಕಾರ್ಯವನ್ನು ನಿರ್ಣಯಿಸುತ್ತದೆ ಎಂಬ ತತ್ತ್ವಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೆ?

ಇದೇ ಅಕ್ಕಿಯಲ್ಲಿ ಇತಿಹಾಸದ ವಿದ್ಯಾರ್ಥಿಗೂ ಪಾಠವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯಂತ್ರದಲ್ಲಿ ನುಣ್ಣಗೆ ಪಾಲಿಶು ಮಾಡಿದ ಬಿಳಿಯ ಅಕ್ಕಿ ಏಷ್ಯದ ಹಲವು ನಾಡುಗಳಲ್ಲಿ ಬೆರಿಬೆರಿ ರೋಗವನ್ನು ಹರಡಿತು. ಕಾಲು ಸೋಲುವುದು, ನರ ಬೀಳುವುದು, ಹೃದಯ ನಿಲ್ಲುವುದು ಅದರ ಲಕ್ಷಣ. ಜಾವಾದಲ್ಲಿದ್ದ ಡಚ್ಚರ ವೈದ್ಯ ಐಕ್‌ಮನ್ ಪಾಲಿಶು ಅಕ್ಕಿ ತಿಂದ ಕೋಳಿಗಳಲ್ಲಿ ಅಂಥದೇ ರೋಗವನ್ನು ಕಂಡರು. ತವುಡಿರುವ ಅಕ್ಕಿ ಹಾಕಿದೊಡನೆ ಅವು ಚೇತರಿಸಿಕೊಂಡವು. ಈ ಶೋಧಕ್ಕಾಗಿ ಅವರಿಗೆ ೧೯೨೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತವುಡಿನಲ್ಲಿದ್ದ ವಸ್ತು ಥಯಮಿನ್, ಅಂದರೆ ಬಿ೧ ಅನ್ನಾಂಗ. ಭತ್ತವನ್ನು ಕುದಿಸಿ ಒಣಗಿಸಿ ಅಕ್ಕಿ ಮಾಡುವಾಗ ಈ ಅನ್ನಾಂಗದ ಒಂದಂಶ ಕಾಳಿನ ಒಳಕ್ಕೆ ಇಳಿಯುತ್ತದೆ; ಮತ್ತೆ ಗಿರಣಿಗೆ ಕೊಟ್ಟರೂ ಪೂರ್ತಿ ಹೋಗುವುದಿಲ್ಲ. ಬೆಳ್ತಿಗೆಯೇ ದೊಡ್ಡಸ್ತಿಕೆ, ಕುಚ್ಚಲಕ್ಕಿ ಬಡವರ ಊಟ ಎಂದು ಬಗೆಯುವವರು ಈ ಕೋಳಿಗಳ ಕಥೆಯನ್ನು ಕೇಳಬೇಕು. ಒಂದು ಗಿರಣಿಯ ಯಂತ್ರ ನಾಡುಗಳ ಆರೋಗ್ಯವನ್ನೇ ಕೆಡಿಸಿದ ಸಂಗತಿ ಇತಿಹಾಸವಲ್ಲವೆ?

ಎರಡನೆಯದು ಹುದುಗು. ನಮ್ಮ ಜಿಲ್ಲೆಯ ಹೆಸರನ್ನು ಊರೂರಿಗೆ ಒಯ್ದ ಹೋಟೆಲುಗಳ ಇಡ್ಲಿಯ ಹಿಟ್ಟು ರಾತ್ರಿ ಉಬ್ಬುವುದು ಏಕೆ? ಕಾಳಿನೊಡನೆ ಬಂದ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಒಡೆದು ಹುಳಿಯನ್ನೂ ಅನಿಲವನ್ನೂ ಬಿಡುತ್ತವೆ. ಅನಿಲ ಹಿಟ್ಟನ್ನು ಉಬ್ಬಿಸುತ್ತದೆ, ಹುಳಿ ರುಚಿ ಕೊಡುತ್ತದೆ. ಅವು ಇದನ್ನು ನಮಗಾಗಿ ಮಾಡುವುದಿಲ್ಲ. ತಾವು ಬದುಕಲು ಬೇಕಾದ ಶಕ್ತಿಗಾಗಿ ಮಾಡುತ್ತವೆ. ಜೀವಕೋಶದೊಳಗೆ ಶಕ್ತಿಯ ಚಿಲ್ಲರೆ ಹಣದಂತೆ ಓಡಾಡುವ ವಸ್ತು ಎ.ಟಿ.ಪಿ. ಬ್ಯಾಕ್ಟೀರಿಯಕ್ಕೂ ಅದೇ, ಗದ್ದೆ ಉಳುವ ಎತ್ತಿಗೂ ಅದೇ, ಈ ಲೇಖನ ಬರೆಯುವ ಕೈಗೂ ಅದೇ. ಅದನ್ನು ೧೯೨೯ರಲ್ಲಿ ಜರ್ಮನಿಯ ಲೋಮನ್ನರು ಕಂಡುಹಿಡಿದರು. ಅದೇ ವರ್ಷ ಅಮೆರಿಕದ ಹಾರ್ವರ್ಡಿನಲ್ಲಿ ಫಿಸ್ಕೆಯವರೊಡನೆ ಅದನ್ನೇ ಕಂಡವರು ಯಲ್ಲಾಪ್ರಗಡ ಸುಬ್ಬರಾವ್. ಅವರು ನಮ್ಮ ದಕ್ಷಿಣ ಕನ್ನಡವೂ ಆಗ ಸೇರಿದ್ದ ಮದರಾಸು ಪ್ರಾಂತದ ಭೀಮವರದಲ್ಲಿ ಹುಟ್ಟಿ ಮದರಾಸಿನಲ್ಲಿಯೇ ವೈದ್ಯವಿದ್ಯೆ ಕಲಿತವರು.

ಇಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳ ಗಮನವನ್ನು ಒಂದು ಪದದ ಕಡೆಗೆ ಸೆಳೆಯಬಯಸುತ್ತೇನೆ. ಕಿಣ್ವವೆಂಬುದು ಪಠ್ಯಪುಸ್ತಕದವರು ಹೊಸದಾಗಿ ಹೊಸೆದ ಶಬ್ದವಲ್ಲ. ಮದ್ಯ ಮಾಡಲು ಬೆರೆಸುವ ಹುದುಗಿಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಈ ಹೆಸರಿದೆ. ಕಿಣ್ವದಿಂದ ಮದ್ಯದಲ್ಲಿ ಅಮಲು ಹುಟ್ಟುವಂತೆ ಭೂತಗಳ ಕೂಟದಿಂದ ಚೈತನ್ಯ ಹುಟ್ಟುತ್ತದೆ ಎಂದು ಲೋಕಾಯತರು ವಾದಿಸಿದರು. ಉಳಿದ ದರ್ಶನಕಾರರು ಅದನ್ನು ಖಂಡಿಸಿದರು. ಸೋಜಿಗವೆಂದರೆ, ೧೮೭೦ರ ದಶಕದಲ್ಲಿ ಜರ್ಮನಿಯ ಕ್ಯೂನೆ ಎಂಬವರು ‘ಎನ್‌ಜೈಮ್’ ಎಂಬ ಹೆಸರನ್ನಿಟ್ಟಾಗ ಅವರೂ ಗ್ರೀಕ್ ಭಾಷೆಯ ಹುದುಗಿನ ಪದವನ್ನೇ ಹಿಡಿದರು. ಹುದುಗಲು ಜೀವಂತ ಕೋಶವೇ ಬೇಕೋ ಅಥವಾ ಅದರೊಳಗಿನ ವಸ್ತು ಸಾಕೋ ಎಂಬುದು ಆಗಿನ ದೊಡ್ಡ ಚರ್ಚೆ. ೧೮೯೭ರಲ್ಲಿ ಬುಖ್ನರ್ ಎಂಬವರು ಯೀಸ್ಟನ್ನು ಅರೆದು, ಹಿಂಡಿ, ಜೀವಕೋಶಗಳಿಲ್ಲದ ಬರಿಯ ರಸದಿಂದಲೇ ಸಕ್ಕರೆಯನ್ನು ಹುದುಗಿಸಿ ತೋರಿಸಿದರು. ಜೀವಕ್ರಿಯೆಯನ್ನು ಕೊಳವೆಯಲ್ಲಿ ನಡೆಯಿಸಬಹುದೆಂದು ತಿಳಿದ ಆ ದಿನ ಜೀವರಸಾಯನಶಾಸ್ತ್ರ ತನ್ನ ಕಾಲ ಮೇಲೆ ನಿಂತಿತು. ಚೈತನ್ಯದ ಪ್ರಶ್ನೆ ಇದರಿಂದ ಮುಗಿಯಲಿಲ್ಲ, ನಿಜ. ಆದರೆ ದರ್ಶನಶಾಸ್ತ್ರವನ್ನು ಓದುವವನಿಗೆ ಆ ಹಳೆಯ ದೃಷ್ಟಾಂತದ ಮುಂದಿನ ಕಥೆ ತಿಳಿಯದಿದ್ದರೆ ವಾದ ಅರ್ಧದಲ್ಲಿಯೇ ನಿಂತಂತೆ.

ಮೂರನೆಯದು ಗುಳ್ಳ. ಮಟ್ಟುವಿನ ಗುಳ್ಳವನ್ನು ಈ ಜಿಲ್ಲೆಯವರಿಗೆ ವರ್ಣಿಸಬೇಕಾಗಿಲ್ಲ. ಅದರ ಬೀಜವನ್ನು ವಾದಿರಾಜರು ಕರುಣಿಸಿದರೆಂಬ ನಂಬಿಕೆ ಇಲ್ಲಿದೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಗುಳ್ಳದ ಬೀಜ ಬಿತ್ತಿದರೆ ಗುಳ್ಳವೇ ಏಕೆ ಹುಟ್ಟಬೇಕು? ಬೀಜದ ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದನೆಯ ಬರಹವಿದೆ. ಅದರ ಒಂದೊಂದು ಭಾಗ ಒಂದೊಂದು ವಂಶವಾಹಿ. ಅದನ್ನು ಓದಿಕೊಂಡು ಕೋಶ ಪ್ರೋಟೀನುಗಳನ್ನು ಕಟ್ಟುತ್ತದೆ. ಬಣ್ಣ, ಸಿಪ್ಪೆ, ರುಚಿ ಇವೆಲ್ಲ ಆ ಪ್ರೋಟೀನುಗಳ ಕೆಲಸದ ಫಲ. ಮಣ್ಣೂ ನೀರೂ ಅದಕ್ಕೆ ಕೈಗೂಡಿಸುತ್ತವೆ. ಮಾಹಿತಿಯ ಹರಿವು ಎಂದರೆ ಇಷ್ಟೇ.

ಈ ತತ್ತ್ವ ಒಮ್ಮೆ ನಮ್ಮ ಬಾಗಿಲಿಗೇ ರಾಜಕೀಯವಾಗಿ ಬಂದಿತ್ತು. ಮಣ್ಣಿನ ಒಂದು ಬ್ಯಾಕ್ಟೀರಿಯದ ವಂಶವಾಹಿಯನ್ನು ಬದನೆಗೆ ಸೇರಿಸಿ, ಕಾಯಿಕೊರಕ ಹುಳುವನ್ನು ಕೊಲ್ಲುವ ಪ್ರೋಟೀನು ಗಿಡದಲ್ಲಿಯೇ ಹುಟ್ಟುವಂತೆ ಮಾಡಿದ್ದೇ ಬಿ.ಟಿ. ಬದನೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಇದಕ್ಕಾಗಿ ಆರಿಸಿಕೊಂಡ ನಾಡತಳಿಗಳಲ್ಲಿ ‘ಉಡುಪಿ ಲೋಕಲ್’ ಎಂಬುದೂ ಒಂದು. ೨೦೦೯ರಲ್ಲಿ ತಜ್ಞ ಸಮಿತಿ ಒಪ್ಪಿಗೆ ಕೊಟ್ಟಿತು. ದೇಶದಲ್ಲೆಲ್ಲ ಚರ್ಚೆ ಎದ್ದಿತು. ೨೦೧೦ರ ಫೆಬ್ರವರಿಯಲ್ಲಿ ಅಂದಿನ ಕೇಂದ್ರ ಸಚಿವ ಜೈರಾಮ್ ರಮೇಶ್ ಅದನ್ನು ತಡೆಹಿಡಿದರು. ನೆರೆಯ ಬಾಂಗ್ಲಾದೇಶ ೨೦೧೩ರಲ್ಲಿ ಅದಕ್ಕೆ ಅನುಮತಿ ನೀಡಿತು. ಇದರಲ್ಲಿ ಯಾರು ಸರಿ ಎಂಬ ತೀರ್ಪನ್ನು ನಾನು ಇಲ್ಲಿ ಕೊಡುವುದಿಲ್ಲ. ಹುಳುವಿನ ಕರುಳಿನ ರಸ ಕ್ಷಾರ, ನಮ್ಮ ಜಠರದ ರಸ ಆಮ್ಲ. ಆ ಪ್ರೋಟೀನು ಅಂಟಿಕೊಳ್ಳುವ ಜಾಗ ಹುಳುವಿನ ಕರುಳಿನಲ್ಲಿದೆ, ನಮ್ಮದರಲ್ಲಿಲ್ಲ ಎಂಬುದು ತಿಳಿದವನು ‘ಹುಳು ಸತ್ತರೆ ಮನುಷ್ಯನೂ ಸಾಯುತ್ತಾನೆ’ ಎಂದು ಹೆದರಿಸುವುದಿಲ್ಲ. ಪರಾಗ ಗಾಳಿಯಲ್ಲಿ, ದುಂಬಿಯಲ್ಲಿ ಪಕ್ಕದ ಹೊಲಕ್ಕೆ ಹೋಗಬಲ್ಲದು, ನಾಡತಳಿ ಬೆರಕೆಯಾಗಬಲ್ಲದು, ಬೀಜದ ಒಡೆತನ ಯಾರದೆಂಬ ಪ್ರಶ್ನೆ ಏಳುತ್ತದೆ ಎಂಬುದು ತಿಳಿದವನು ‘ಏನೂ ಆಗದು’ ಎಂದು ಕಣ್ಮುಚ್ಚುವುದೂ ಇಲ್ಲ. ವಂಶವಾಹಿ ಎಂದರೇನೆಂದು ತಿಳಿಯದೆ ಎರಡು ಕಡೆಯೂ ಘೋಷಣೆ ಕೂಗಬಹುದು, ವಾದ ಮಾಡಲಾಗದು. ರಾಜ್ಯಶಾಸ್ತ್ರದ ವಿದ್ಯಾರ್ಥಿಯ ಕೆಲಸ ವಾದ ಮಾಡುವುದಲ್ಲವೆ?

ನಾಲ್ಕನೆಯದು ವಿಕಾಸ. ಮಟ್ಟುವಿನ ರೈತರು ತಲೆತಲಾಂತರದಿಂದ ಒಳ್ಳೆಯ ಕಾಯನ್ನೇ ಬೀಜಕ್ಕೆ ಬಿಟ್ಟು ಗುಳ್ಳದ ಗುಣವನ್ನು ಉಳಿಸಿಕೊಂಡು ಬಂದಿದ್ದಾರೆ. ಇದು ಮನುಷ್ಯನು ಮಾಡಿದ ಆಯ್ಕೆ. ಇದೇ ಆಯ್ಕೆಯನ್ನು ನಾವು ತಿಳಿಯದೆ ರೋಗಾಣುಗಳಲ್ಲಿಯೂ ಮಾಡುತ್ತಿದ್ದೇವೆ. ವೈರಸ್ಸಿನಿಂದ ಬರುವ ನೆಗಡಿಗೆ ಬ್ಯಾಕ್ಟೀರಿಯವನ್ನು ಕೊಲ್ಲುವ ಮಾತ್ರೆಯನ್ನು ಕೇಳಿ ಪಡೆದು ನುಂಗುತ್ತೇವೆ. ನೆಗಡಿಗೆ ಅದರಿಂದ ಏನೂ ಆಗದು. ಮೈಯಲ್ಲಿರುವ ಬ್ಯಾಕ್ಟೀರಿಯಗಳಲ್ಲಿ ದುರ್ಬಲವಾದವು ಸತ್ತು, ಮದ್ದಿಗೆ ಬಗ್ಗದವು ಉಳಿದು ಬೆಳೆಯುತ್ತವೆ. ಪೆನಿಸಿಲಿನ್ನನ್ನು ಕಂಡ ಫ್ಲೆಮಿಂಗರು ೧೯೪೫ರಲ್ಲಿ ನೊಬೆಲ್ ಭಾಷಣದಲ್ಲಿಯೇ ಈ ಅಪಾಯವನ್ನು ಎಚ್ಚರಿಸಿದ್ದರು. ಡಾರ್ವಿನ್ನನ ತತ್ತ್ವ ದೂರದ ದ್ವೀಪದ ಹಕ್ಕಿಗಳ ವಿಷಯವೆಂದು ತಿಳಿದವರು ಮದ್ದಿನಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಬೇಕು.

ಐದನೆಯದು ಮೀನು. ಒಣಮೀನಿನ ಬುಟ್ಟಿಯ ಪಕ್ಕದಲ್ಲಿ ನಿಂತರೆ ಮೂಗು ಹೇಳುವುದಕ್ಕಿಂತ ಹೆಚ್ಚಿನ ಪಾಠವಿದೆ. ಉಪ್ಪು ಹಾಕಿದ ಮೀನಿನ ಕೋಶಗಳಿಂದ ನೀರು ಹೊರಬರುತ್ತದೆ. ಕೊಳೆಸಲು ಬಂದ ಬ್ಯಾಕ್ಟೀರಿಯಗಳ ನೀರೂ ಹಾಗೆಯೇ ಹೋಗಿ ಅವು ಸೊರಗುತ್ತವೆ. ಮಳೆಗಾಲಕ್ಕೆಂದು ನಮ್ಮ ತಾಯಂದಿರು ಭರಣಿಯಲ್ಲಿಡುವ ಹಲಸಿನ ಉಪ್ಪುಸೊಳೆಯ ಗುಟ್ಟೂ ಇದೇ. ಇನ್ನು ಹಸಿಮೀನಿನ ಕಡೆಗೆ ಬಂದರೆ ವ್ಯವಸ್ಥೆಯ ತತ್ತ್ವ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಂಪ್ರತಿ ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಹಲವು ಜಾತಿಯ ಮೀನುಗಳು ಮೊಟ್ಟೆಯಿಟ್ಟು ಮರಿ ಬೆಳೆಯುವ ಕಾಲವದು. ಮಲ್ಪೆಯ ಬಂದರು ಆಗ ಸುಮ್ಮನಿರುತ್ತದೆ, ಸಂಪಾದನೆ ನಿಲ್ಲುತ್ತದೆ. ಇಂದಿನ ನಷ್ಟವೂ ನಾಳಿನ ಲಾಭವೂ ಹೀಗೆ ಹೆಣೆದುಕೊಂಡಿರುವುದನ್ನು ಮೀನಿನ ಜೀವನಚಕ್ರ ತಿಳಿಯದ ಅರ್ಥಶಾಸ್ತ್ರಜ್ಞ ಹೇಗೆ ಲೆಕ್ಕ ಹಾಕಿಯಾನು? ಸುವರ್ಣಾ ನದಿಯ ಅಳಿವೆಯ ಕಡೆ ಕಾಂಡ್ಲಾ ಗಿಡವನ್ನು ಕಡಿದರೆ ಮೀನುಮರಿಗೆ ಆಸರೆ ತಪ್ಪುತ್ತದೆ. ನಮ್ಮ ದೇಹವೂ ಇಂಥದೇ. ಊಟವಾದೊಡನೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ, ಸಕ್ಕರೆ ಕೋಶಗಳೊಳಕ್ಕೆ ಸೇರಿ ಮಟ್ಟ ಇಳಿಯುತ್ತದೆ. ಈ ಏರಿಳಿತದ ಹಿಡಿತ ತಪ್ಪಿದ್ದೇ ನನ್ನ ಅಜ್ಜಿಯ ಕಾಯಿಲೆ.

ಇನ್ನು ಆಕ್ಷೇಪಣೆಗಳು. ಇದೆಲ್ಲ ಹೇಳಲು ಕನ್ನಡದಲ್ಲಿ ಶಬ್ದಗಳಿಲ್ಲವೆಂದು ಕೆಲವರ ಗೊಣಗು. ಇದು ತಿಳಿಯದವರ ಮಾತು. ೧೯೧೮ರಷ್ಟು ಹಿಂದೆಯೇ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಟಿತ್ತು. ಅದನ್ನು ನಡೆಸಿದವರಲ್ಲೊಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಸ್ವತಃ ಭೌತಶಾಸ್ತ್ರದ ಅಧ್ಯಾಪಕರಾಗಿದ್ದೂ ‘ಜೀವವಿಜ್ಞಾನ’ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದರು. ನಮ್ಮ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಯಾವ ವಿಜ್ಞಾನದ ಪದವಿಯೂ ಇಲ್ಲದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಕನ್ನಡಿಗರ ಕೈಗಿತ್ತರು. ಮದರಾಸಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಹೀಗಿರಲು ಕೊರತೆ ಶಬ್ದದ್ದಲ್ಲ, ಓದುವವರದು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ತೂಕದ್ದು. ಅರೆಬರೆ ವಿದ್ಯೆಯಿಂದ ಅನರ್ಥವೇ ಹೆಚ್ಚು, ಪ್ರತಿಯೊಬ್ಬನೂ ಮನೆವೈದ್ಯನಾಗಿ ಕೂರುತ್ತಾನೆ ಎಂಬುದದು. ಈ ಭಯ ಸುಳ್ಳಲ್ಲ. ಆದರೆ ಈಗೇನು ಮನೆವೈದ್ಯರಿಲ್ಲವೆ? ‘ಸಕ್ಕರೆ ಕಾಯಿಲೆ ಏಳು ದಿನದಲ್ಲಿ ಬುಡಸಹಿತ ಗುಣ’ ಎಂಬ ಸಂದೇಶಗಳು ದಿನವೂ ನಮ್ಮ ಮೊಬೈಲಿಗೆ ಬಂದು ಬೀಳುತ್ತವೆ. ಅಜ್ಜಿ ಮಾತ್ರೆ ನಿಲ್ಲಿಸಿದ್ದು ಅರೆ ವಿದ್ಯೆಯಿಂದಲ್ಲ, ಏನೂ ತಿಳಿಯದ್ದರಿಂದ. ಲೆಕ್ಕದ ಅರ್ಥ ತಿಳಿದಿದ್ದರೆ ನಾನು ವೈದ್ಯನಾಗುತ್ತಿರಲಿಲ್ಲ. ಅಜ್ಜಿಯನ್ನು ವೈದ್ಯರಲ್ಲಿಗೆ ಹದಿನೈದು ದಿನ ಮೊದಲೇ ಕರೆದೊಯ್ಯುತ್ತಿದ್ದೆ. ತತ್ತ್ವವನ್ನು ಬಿಟ್ಟು ಬರಿಯ ಹೆಸರುಗಳನ್ನು ಬಾಯಿಪಾಠ ಮಾಡಿದವನ ವಿದ್ಯೆಯೇ ಅರೆ ವಿದ್ಯೆ. ವಿಜ್ಞಾನದ ಕಾಲೇಜಿನ ಮಿತ್ರರೂ ಈ ಮಾತನ್ನು ಕೋಪಿಸದೆ ಕೇಳಬೇಕೆಂದು ಪ್ರಾರ್ಥನೆ.

ಮೂರನೆಯದು, ಪಠ್ಯದ ಹೊರೆ. ೨೦೨೧ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ಬೇರೆ ವಿಭಾಗದ ವಿಷಯವೊಂದನ್ನು ಆರಿಸಿಕೊಳ್ಳುವ ದಾರಿ ತೆರೆದಿತ್ತು. ೨೦೨೪ರಲ್ಲಿ ನಮ್ಮ ರಾಜ್ಯ ಮೂರು ವರ್ಷದ ಪದವಿಯ ಕ್ರಮಕ್ಕೆ ಮರಳಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಅವುಗಳನ್ನು ಕಾಯುತ್ತ ಕೂಡದೆ ನಾವೇ ಮಾಡಬಹುದಾದ ಕೆಲಸವೊಂದಿದೆ. ವರ್ಷಕ್ಕೆ ಹತ್ತು ಉಪನ್ಯಾಸಗಳು ಸಾಕು: ಒಂದೊಂದು ತತ್ತ್ವಕ್ಕೆ ಎರಡೆರಡು. ಪರೀಕ್ಷೆ ಬೇಡ, ಅಂಕ ಬೇಡ. ಹತ್ತಿರದ ಹೈಸ್ಕೂಲು, ಕಾಲೇಜುಗಳ ಅಧ್ಯಾಪಕರನ್ನು ವಿನಯದಿಂದ ಕೇಳಿದರೆ ಬಂದಾರು. ಮಣಿಪಾಲದಲ್ಲಿ ೧೯೫೩ರಿಂದ ವೈದ್ಯಕೀಯ ಕಾಲೇಜಿದೆ. ಅಲ್ಲಿಯ ಒಬ್ಬ ವೈದ್ಯರು ಒಂದು ಸಂಜೆ ಬಂದು ರಕ್ತದ ಕಾಗದವನ್ನು ಓದುವ ಬಗೆಯನ್ನು ತಿಳಿಸಿದರೆ ಅದೊಂದೇ ಉಪನ್ಯಾಸ ನೂರು ಮನೆಗಳಿಗೆ ಮುಟ್ಟೀತು. ಪ್ರಯೋಗಶಾಲೆ ಇಲ್ಲವೆಂಬ ಚಿಂತೆ ಬೇಡ. ಸಂತೆ ಇದೆ, ಅಡುಗೆಮನೆ ಇದೆ, ನದಿ ಇದೆ. ಒಂದು ಸೂಕ್ಷ್ಮದರ್ಶಕ ದೊರೆತರೆ ಈರುಳ್ಳಿಯ ಪೊರೆಯಲ್ಲಿ ಜೀವಕೋಶವನ್ನು ಕಣ್ಣಾರೆ ಕಾಣಬಹುದು.

ಪೂಜ್ಯ ಪ್ರಾಂಶುಪಾಲರೂ ಗುರುವೃಂದವೂ ಈ ಸೂಚನೆಯನ್ನು ಪರಾಮರ್ಶಿಸಬೇಕೆಂದೂ, ವಿದ್ಯಾರ್ಥಿ ಸಂಘವು ಬರುವ ವರ್ಷದ ಕಾರ್ಯಕ್ರಮದಲ್ಲಿ ಇದಕ್ಕೆ ಎಡೆ ಮಾಡಿಕೊಡಬೇಕೆಂದೂ ಬಿನ್ನವಿಸುತ್ತೇನೆ. ಅಜ್ಜಿಯ ಗಾಯ ಈಗ ಮಾಗಿದೆ. ಈ ಸಲದ ಕಾಗದ ಬಂದಾಗ ಚಿಕ್ಕಪ್ಪ ಮೊದಲು ನೋಡಿದ್ದು ಎರಡನೆಯ ಸಾಲನ್ನು.